ಅನುಮತಿ ಬೇರೆ, ಅನುಮೋದನೆ ಬೇರೆ

ಹಾಸನದ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಬ್ಯಾನರಿನಲ್ಲಿ ವಿಷಯ: 'ನಿವೃತ್ತ ರಾಜತಾಂತ್ರಿಕರ ನೆನಪಿನ ಪುಸ್ತಕಕ್ಕೆ ಸರ್ಕಾರದ ಅನುಮೋದನೆ ಬೇಕೆ?' ಮಾತಾಡಿದ ಮಕ್ಕಳಲ್ಲಿ ಅರ್ಧ ಜನ 'ಅನುಮೋದನೆ' ಅಂದರು, ಅರ್ಧ ಜನ 'ಅನುಮತಿ' ಅಂದರು. ಇಬ್ಬರು ಒಂದೇ ಉಸಿರಿನಲ್ಲಿ ಎರಡನ್ನೂ ಅಂದರು. ಪತ್ರಿಕೆಗಳೇ ಹೀಗೆ ಬರೆಯುವಾಗ ಮಕ್ಕಳನ್ನು ಬೈದು ಏನು ಮಾಡೋದು?

ಎರಡರಲ್ಲೂ ಇರುವ 'ಅನು' ಅಂದರೆ ಜೊತೆಗೆ, ಹಿಂದೆ. ಆಮೇಲಿನದ್ದೇ ಬೇರೆ. 'ಮತಿ' ಮನಸ್ಸಿಗೆ ಸೇರಿದ್ದು. ಅಡ್ಡಿಯಿಲ್ಲ ಅಂತ ತಲೆಯಾಡಿಸಿದರೆ ಅನುಮತಿ. 'ಮೋದ' ಅಂದರೆ ಸಂತೋಷ. ಆಮೋದ, ಪ್ರಮೋದ, ಗಣಪನ ಮೋದಕ ಎಲ್ಲ ಅದೇ ಮನೆಯವು. ಜೊತೆಗೆ ನಿಂತು ಸಂತೋಷಪಟ್ಟರೆ ಅನುಮೋದನೆ. ಹಾಲಿನ ಸೊಸೈಟಿ ಚುನಾವಣೆಯ ನಾಮಪತ್ರದಲ್ಲಿ ಸೂಚಕರ ಜೊತೆ ಅನುಮೋದಕರ ಸಹಿಯೂ ಇರುತ್ತದಲ್ವಾ? 'ಇವನು ನಮ್ಮವನು, ನಾನಿದ್ದೀನಿ' ಅನ್ನೋ ಸಹಿ ಅದು. ಗಣಪತಿ ಪೆಂಡಾಲಿನ ಮೈಕಿಗೆ ಪೊಲೀಸರು ಕೊಡೋದು ಅನುಮತಿ. ರಾತ್ರಿ ಹತ್ತಕ್ಕೆ ನಿಲ್ಲಿಸಿ ಅಂತಾರೆ, ಹಾಡು ಅವರಿಗೆ ಹಿಡಿಸಲೇಬೇಕು ಅಂತೇನಿಲ್ಲ. (ಕಚೇರಿಗಳ 'ನಕ್ಷೆ ಅನುಮೋದನೆ'ಯಲ್ಲಿ ಯಾರಿಗೆ ಎಷ್ಟು ಸಂತೋಷ ಅಂತ ಕೇಳಬೇಡಿ.)

ಮಕ್ಕಳು ಪದೇ ಪದೇ ಎಳೆದು ತಂದಿದ್ದು ಪಿಂಚಣಿ ನಿಯಮಕ್ಕೆ ಕೇಂದ್ರ 2021ರಲ್ಲಿ ಮಾಡಿದ ತಿದ್ದುಪಡಿಯನ್ನು. ಅದು ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ, ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರಿಗೆ. ವಿದೇಶಾಂಗ ಸಚಿವಾಲಯ ಆ ಪಟ್ಟಿಯಲ್ಲೇ ಇಲ್ಲ. ಅಲ್ಲೂ ಸಂಸ್ಥೆಯ ವಿಷಯ ಬರೆದು ಪ್ರಕಟಿಸೋಕೆ ಕೇಳಿರೋದು ಅದರ ಮುಖ್ಯಸ್ಥರ ಪೂರ್ವಾನುಮತಿ, 'ಪೂರ್ವಾನುಮೋದನೆ' ಅಲ್ಲ. ಗುಟ್ಟು ಬಿಟ್ಟುಕೊಟ್ಟರೆ ಹಿಡಿಯೋಕೆ 1923ರ ಅಧಿಕೃತ ರಹಸ್ಯ ಕಾಯ್ದೆ ಹೇಗೂ ಎಲ್ಲರಿಗೂ ಇದೆ.

ಅಮೆರಿಕದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಕ್ರಿಸ್ಟೋಫರ್ ಮೇಯರ್ ತಮ್ಮ ಹಸ್ತಪ್ರತಿಯನ್ನು ಮೊದಲೇ ಸರ್ಕಾರಕ್ಕೆ ಕೊಟ್ಟಿದ್ದರು. 'ನಮ್ಮದೇನೂ ಅಭಿಪ್ರಾಯ ಇಲ್ಲ' ಅಂತ ಉತ್ತರ ಬಂತು. 2005ರಲ್ಲಿ ಪುಸ್ತಕ ಹೊರಬಂದ ಮೇಲೆ ವಿದೇಶಾಂಗ ಸಚಿವ ಜಾಕ್ ಸ್ಟ್ರಾ ಬಹಿರಂಗವಾಗಿಯೇ ಹರಿಹಾಯ್ದರು. ದಾರಿ ಬಿಟ್ಟಿದ್ದರು, ಜೊತೆಗೆ ನಡೆದಿರಲಿಲ್ಲ.

ನನ್ನ ಕೇಳಿದರೆ, ಗುಟ್ಟು ಏನಾದರೂ ಇದೆಯಾ ಅಂತ ಒಂದು ಸಲ ನೋಡಿ ಕೊಡಲಿ, ಸಾಕು. ಅನುಮೋದನೆಯೇ ಬೇಕು ಅಂತ ಕೂತರೆ ಅದು ಇಲಾಖೆಯ ವಾರ್ಷಿಕ ವರದಿ ಆಗುತ್ತದೆ.

ಮೊದಲ ಬಹುಮಾನವನ್ನು ಎರಡೂ ಪದ ಮುಟ್ಟದೆ, ಕೊನೆವರೆಗೂ 'ಅಪ್ಪಣೆ' ಅಂದ ಸಕಲೇಶಪುರದ ಹುಡುಗಿಗೆ ಕೊಟ್ಟೆವು. ಅಪ್ಪಣೆ ಅಂದರೆ ಆಜ್ಞೆಯೂ ಹೌದು ಅಂತ ಜೊತೆಗಿದ್ದ ತೀರ್ಪುಗಾರರು ತಕರಾರು ತೆಗೆದರು. ಆ ಜಗಳ ಇನ್ನೊಂದು ದಿನ ಬರೆಯುತ್ತೇನೆ.