ಕನೆಕ್ಷನ್ ಎರರ್ ಅಂದರೆ ಏನು, ಏನಲ್ಲ

ಯಾರಿಗೋ ಫೋನ್ ಮಾಡುತ್ತೀರಿ. “ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ” ಅಂತ ಕೇಳಿಸುತ್ತದೆ. ಇನ್ನೊಂದು ಸಲ ಆ ಕಡೆ ಯಾರೋ ಫೋನ್ ಎತ್ತಿ, “ಅವರು ಈಗ ಇಲ್ಲಿಲ್ಲ, ಮನೆ ಖಾಲಿ ಮಾಡಿ ವರ್ಷ ಆಯ್ತು” ಅನ್ನುತ್ತಾರೆ. ಎರಡು ಸಲವೂ ನಿಮ್ಮ ಕೆಲಸ ಆಗಲಿಲ್ಲ. ಆದರೆ ಮೊದಲ ಸಲ ಮಾತೇ ಆಗಲಿಲ್ಲ. ಎರಡನೇ ಸಲ ಮಾತಾಯಿತು, ಉತ್ತರವೂ ಸಿಕ್ಕಿತು. ನಿಮಗೆ ಬೇಕಾದ ಉತ್ತರ ಅದಲ್ಲ, ಅಷ್ಟೇ.

ಪ್ರೋಗ್ರಾಮ್ ಒಂದು ವೆಬ್ ಸರ್ವರ್ ಜೊತೆ ಮಾತಾಡುವಾಗಲೂ ಹೀಗೇ. ಮೊದಲನೆಯದು ಕನೆಕ್ಷನ್ ಎರರ್. ಎರಡನೆಯದು ರೆಸ್ಪಾನ್ಸ್. 404 ಅಂತಲೋ 500 ಅಂತಲೋ ನಂಬರ್ ಹೊತ್ತು ಬಂದರೂ ಅದು ರೆಸ್ಪಾನ್ಸೇ. ಹೊಸದಾಗಿ ಕೋಡ್ ಬರೆಯುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಸರ್ವರ್ ಒಳಗೆ ಏನೋ ಕೆಟ್ಟು 500 ಬಂದಿರುತ್ತದೆ, ಆಪ್ ಮಾತ್ರ “ನಿಮ್ಮ ಇಂಟರ್ನೆಟ್ ಸರಿ ಇದೆಯಾ ನೋಡಿ” ಅನ್ನುತ್ತದೆ. ಬಳಸುವವರು ಪಾಪ, ವೈಫೈ ಆಫ್ ಮಾಡಿ ಆನ್ ಮಾಡುತ್ತಾ ಕೂರುತ್ತಾರೆ.

ಈ ನಂಬರಿನ ಹೆಸರು ಸ್ಟೇಟಸ್ ಕೋಡ್. ಮೂರು ಅಂಕಿ, ಅದರಲ್ಲಿ ಮೊದಲನೆಯದೇ ಮುಖ್ಯ. 2 ಇದ್ದರೆ ಕೆಲಸ ಆಯಿತು. 3 ಇದ್ದರೆ ಸಾಮಾನ್ಯವಾಗಿ ಬೇರೆ ಕಡೆ ಹೋಗಿ ಅಂತ. 4 ಇದ್ದರೆ ತಪ್ಪು ಕೇಳಿದವರದು, 5 ಇದ್ದರೆ ಸರ್ವರ್‌ನದು. ವೆಬ್ ಸರ್ವರ್ ಜೊತೆ ಮಾತಾಡುವ ನಿಯಮಾವಳಿಯ ಹೆಸರು ಎಚ್‌ಟಿಟಿಪಿ. 1991ರ ಮೊದಮೊದಲ ಎಚ್‌ಟಿಟಿಪಿಯಲ್ಲಿ ಈ ನಂಬರೇ ಇರಲಿಲ್ಲ. ತಪ್ಪಾದರೂ ಸರ್ವರ್ ಒಂದು ಪುಟವನ್ನೇ ಕಳಿಸುತ್ತಿತ್ತು. ಅದನ್ನು ಓದಿದ ಮನುಷ್ಯನಿಗೆ ಗೊತ್ತಾಗಬೇಕು, ಪ್ರೋಗ್ರಾಮ್‌ಗೆ ಗೊತ್ತಾಗುವ ದಾರಿ ಇರಲಿಲ್ಲ. 1996ರಲ್ಲಿ ಎಚ್‌ಟಿಟಿಪಿ 1.0 ಬರಹಕ್ಕೆ ಇಳಿದಾಗ ಈ ಕೋಡ್‌ಗಳೂ ಅದರಲ್ಲಿದ್ದವು.

ಇನ್ನು ಪೈಥಾನ್‌ಗೆ ಬರೋಣ. ಇಲ್ಲಿ ಒಂದು ಗೊಂದಲ ಕಾದಿರುತ್ತದೆ. ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಲಿಬ್ ಬಳಸಿದರೆ, 404 ಬಂದ ತಕ್ಷಣ ಎಕ್ಸೆಪ್ಷನ್ (ಹಿಡಿಯದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುವ ಎರರ್) ಎಸೆಯುತ್ತದೆ. ಇದೇ ಕೆಲಸ ಮಾಡುವ ರಿಕ್ವೆಸ್ಟ್ಸ್ ಅನ್ನುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹಾಗಲ್ಲ. 404 ಬಂದರೂ 500 ಬಂದರೂ ಸುಮ್ನೆ ರೆಸ್ಪಾನ್ಸ್ ಕೈಗೆ ಕೊಡುತ್ತದೆ, ನೋಡಿಕೊಳ್ಳುವುದು ನಿಮ್ಮ ಕೆಲಸ. ಎಕ್ಸೆಪ್ಷನ್ ಬೇಕೇ ಬೇಕು ಅಂದರೆ ‘ರೈಸ್ ಫಾರ್ ಸ್ಟೇಟಸ್’ ಅನ್ನುವ ಫಂಕ್ಷನ್ ಕರೆಯಬೇಕು. ಜಾವಾಸ್ಕ್ರಿಪ್ಟ್‌ನ ಫೆಚ್ ಕೂಡ ರಿಕ್ವೆಸ್ಟ್ಸ್ ತರಹವೇ. ಅಲ್ಲೇ ಆಕ್ಸಿಯೋಸ್ ಅನ್ನುವ ಲೈಬ್ರರಿ ಬಳಸುವವರಿಗೆ ಮತ್ತೆ ಉಲ್ಟಾ. ನನಗೆ ರಿಕ್ವೆಸ್ಟ್ಸ್ ದಾರಿಯೇ ಸರಿ ಅನ್ನಿಸುತ್ತದೆ. ‘ಇಲ್ಲ’ ಅನ್ನುವುದೂ ಒಂದು ಉತ್ತರ ತಾನೇ?

ಹಾಗಾದರೆ ಉತ್ತರವೇ ಬಾರದಿರುವುದು ಹೇಗೆ? ಅದರಲ್ಲೂ ಬಗೆಗಳಿವೆ. ಸರ್ವರ್ ಹೆಸರನ್ನು ಐಪಿ ವಿಳಾಸವಾಗಿ (ನೆಟ್‌ನಲ್ಲಿ ಆ ಮಷೀನಿನ ನಂಬರ್) ಬದಲಿಸಲು ಆಗದಿದ್ದರೆ ಅದು ಡಿಎನ್‌ಎಸ್ ಎರರ್. ಹೆಸರು ಟೈಪ್ ಮಾಡುವಾಗ ತಪ್ಪಾಗಿರಬಹುದು, ಅಥವಾ ನಿಜವಾಗಿಯೂ ನೆಟ್ ಇಲ್ಲದಿರಬಹುದು. ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದರೆ ಸಾಮಾನ್ಯವಾಗಿ ಮಷೀನು ಇದೆ, ಆ ಪೋರ್ಟ್‌ನಲ್ಲಿ (ಮಷೀನಿನ ನಂಬರ್ ಹಾಕಿದ ಬಾಗಿಲಲ್ಲಿ) ಕೇಳಿಸಿಕೊಳ್ಳುವವರು ಯಾರೂ ಇಲ್ಲ ಅಂತ. ಲಿನಕ್ಸ್‌ನಲ್ಲಿ ಇದರ ನಂಬರ್ 111. ಇದು ತಟ್ಟನೆ ಬರುತ್ತದೆ. ಮಧ್ಯದಲ್ಲಿ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲುಗಾರ) ನಿಮ್ಮ ಪ್ಯಾಕೆಟ್ ಅನ್ನು, ಅಂದರೆ ನೀವು ಕಳಿಸಿದ ಡೇಟಾ ತುಣುಕನ್ನು, ಸದ್ದಿಲ್ಲದೆ ಬಿಸಾಡಿದರೆ ಮಾತ್ರ ತಟ್ಟನೆ ಏನೂ ಬರುವುದಿಲ್ಲ, ಕಾದು ಕಾದು ಟೈಮ್‌ಔಟ್ ಆಗುತ್ತದೆ. ಹಾಗಾಗಿ ಎರರ್ ಎಷ್ಟು ಬೇಗ ಬಂತು ಅನ್ನುವುದೇ ಒಂದು ಸುಳಿವು. ಇನ್ನು ‘ಕನೆಕ್ಷನ್ ರಿಸೆಟ್’ ಅಂದರೆ ಮಾತಿನ ಮಧ್ಯೆ ಪಟ್ ಅಂತ ಫೋನ್ ಕುಕ್ಕಿದ ಹಾಗೆ. ಸರ್ವರ್‌ನ ಗುರುತು ಹೇಳುವ ಸರ್ಟಿಫಿಕೇಟ್ ಸರಿಯಿಲ್ಲದೆ ಬರುವ ಎಸ್‌ಎಸ್‌ಎಲ್ ಎರರ್ ಅನ್ನೂ ರಿಕ್ವೆಸ್ಟ್ಸ್ ಕನೆಕ್ಷನ್ ಎರರ್ ಕೆಳಗೇ ಸೇರಿಸಿದೆ. ಕೆಲವು ಸಲ ಅದಕ್ಕೆ ಕಾರಣ ನಿಮ್ಮ ಕಂಪ್ಯೂಟರಿನ ತಾರೀಖು ತಪ್ಪಾಗಿರುವುದು ಅಷ್ಟೇ!

ಟೈಮ್‌ಔಟ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಮ್ಮೆ ನಾನು ಒಂದು ಸರ್ವರ್‌ನಿಂದ ಮಳೆಯ ಅಂಕಿ ಅಂಶದ ಫೈಲ್‌ಗಳನ್ನು ಇಳಿಸಿಕೊಳ್ಳಲು ಸ್ಕ್ರಿಪ್ಟ್ ಬರೆದು, ರಾತ್ರಿ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ದಾರಿಯಲ್ಲಿ ಕೂತಿದೆ. ಎರರ್ ಇಲ್ಲ, ಏನೂ ಇಲ್ಲ. ಕಾಯುತ್ತಿದೆ. ತಪ್ಪು ನನ್ನದೇ. ರಿಕ್ವೆಸ್ಟ್ಸ್‌ಗೆ ಎಷ್ಟು ಹೊತ್ತು ಕಾಯಬೇಕು ಅಂತ ನಾವು ಹೇಳದಿದ್ದರೆ, ಅದು ತಾನಾಗಿ ಸಾಕು ಅನ್ನುವುದಿಲ್ಲ. ‘ಟೈಮ್‌ಔಟ್ = 10’ ಅಂತ ಬರೆಯದೆ ಹೋದದ್ದಕ್ಕೆ ಒಂದು ರಾತ್ರಿ ದಂಡ.

ಆ 10 ಅಂದರೆ ಒಟ್ಟು 10 ಸೆಕೆಂಡ್ ಅಲ್ಲ, ಇದನ್ನೂ ಜಾಸ್ತಿ ಜನ ಗಮನಿಸುವುದಿಲ್ಲ. ಅದು ಎರಡು ಕಡೆ ಅನ್ವಯಿಸುತ್ತದೆ. ಸಂಪರ್ಕ ಸಿಗಲು ಕಾಯುವ ಹೊತ್ತು ಒಂದು. ಸಂಪರ್ಕ ಸಿಕ್ಕ ಮೇಲೆ, ಒಂದು ತುಣುಕು ಡೇಟಾ ಬಂದು ಮುಂದಿನದು ಬರುವ ತನಕ ಕಾಯುವ ಹೊತ್ತು ಇನ್ನೊಂದು. ಸರ್ವರ್ 9 ಸೆಕೆಂಡಿಗೊಮ್ಮೆ ಒಂದೊಂದೇ ಬೈಟ್ ತೊಟ್ಟಿಕ್ಕಿಸುತ್ತಿದ್ದರೆ ಈ ಟೈಮ್‌ಔಟ್ ಆಗುವುದೇ ಇಲ್ಲ. ಎರಡಕ್ಕೂ ಬೇರೆ ಬೇರೆ ಹೊತ್ತು ಕೊಡಬಹುದು. ಸಂಪರ್ಕಕ್ಕೆ 3 ಸೆಕೆಂಡ್, ಓದಲು 30 ಅಂತ ಕೊಟ್ಟರೆ ಬಹಳ ಕೆಲಸಗಳಿಗೆ ಸಾಕು.

ಈ ಎರಡು ಟೈಮ್‌ಔಟ್‌ಗಳ ಎಕ್ಸೆಪ್ಷನ್‌ಗಳೂ ಬೇರೆ. ಕನೆಕ್ಟ್ ಟೈಮ್‌ಔಟ್ ಅನ್ನುವುದು ಟೈಮ್‌ಔಟ್ ಕುಟುಂಬಕ್ಕೂ ಸೇರಿದೆ, ಕನೆಕ್ಷನ್ ಎರರ್ ಕುಟುಂಬಕ್ಕೂ ಸೇರಿದೆ. ರೀಡ್ ಟೈಮ್‌ಔಟ್ ಟೈಮ್‌ಔಟ್ ಕುಟುಂಬಕ್ಕೆ ಮಾತ್ರ. ಹಾಗಾಗಿ ನೀವು ಬರೀ ಕನೆಕ್ಷನ್ ಎರರ್ ಹಿಡಿಯಲು ಬಲೆ ಹಾಕಿದರೆ ರೀಡ್ ಟೈಮ್‌ಔಟ್ ತಪ್ಪಿಸಿಕೊಂಡು ಹೋಗಿ ಪ್ರೋಗ್ರಾಮ್ ಬೀಳಿಸುತ್ತದೆ. ಇದಕ್ಕಿಂತ ಕಿರಿಕಿರಿಯ ವಿಷಯ ಇನ್ನೊಂದಿದೆ. ಪೈಥಾನ್‌ನಲ್ಲೇ ಕನೆಕ್ಷನ್ ಎರರ್ ಅನ್ನುವ ಎಕ್ಸೆಪ್ಷನ್ ಇದೆ, ರಿಕ್ವೆಸ್ಟ್ಸ್‌ನಲ್ಲೂ ಅದೇ ಹೆಸರಿನದು ಇದೆ. ಹೆಸರು ಒಂದೇ, ಆಸಾಮಿ ಬೇರೆ. ರಿಕ್ವೆಸ್ಟ್ಸ್‌ನದು ಅಂತ ಹೇಳದೆ ಬರೆದರೆ ಪೈಥಾನ್‌ನದನ್ನು ಮಾತ್ರ ಹಿಡಿಯುತ್ತದೆ, ಬೇಕಾದದ್ದು ಸಿಗುವುದಿಲ್ಲ. ಎಲ್ಲವೂ ಸೇರಿ ಸಿಗಬೇಕು ಅಂದರೆ ಇವೆಲ್ಲಕ್ಕೂ ಮೇಲಿರುವ ರಿಕ್ವೆಸ್ಟ್ ಎಕ್ಸೆಪ್ಷನ್ ಅನ್ನು ಹಿಡಿಯಿರಿ. ಹಾಗಂತ ಏನೇ ಬಂದರೂ ನುಂಗಿ ಸುಮ್ಮನಾಗುವ ಖಾಲಿ ಎಕ್ಸೆಪ್ಟ್ ಬರೆಯಬೇಡಿ. ಆಗ ನೀವೇ ಮಾಡಿದ ಕಾಗುಣಿತದ ತಪ್ಪೂ ‘ನೆಟ್ ಇಲ್ಲ’ ಅಂತ ಕಾಣಿಸುತ್ತದೆ.

ಒಂದು ಅಡ್ಡ ಮಾತು: 200 ಬಂತು ಅಂತ ಪೂರ್ತಿ ನಂಬುವ ಹಾಗೂ ಇಲ್ಲ. ಲಾಡ್ಜ್‌ಗಳ ವೈಫೈನಲ್ಲಿ ಮೊದಲು ಲಾಗಿನ್ ಪುಟ ಬರುತ್ತದಲ್ವಾ? ನೀವು ಕೇಳಿದ್ದು ಜೇಸನ್ (ಪ್ರೋಗ್ರಾಮ್ ಓದಲು ಬರೆದ ಡೇಟಾ), ಬಂದದ್ದು ಆ ಪುಟ, ಮೇಲೆ 200 ಅಂತ ಮುದ್ರೆ ಬೇರೆ ಇರಬಹುದು.

ಇಷ್ಟೆಲ್ಲ ಬೇರೆ ಮಾಡಿ ನೋಡುವುದು ಯಾಕೆ ಅಂದರೆ, ‘ಮತ್ತೆ ಪ್ರಯತ್ನಿಸಲೇ, ಬೇಡವೇ’ ಅನ್ನುವ ಪ್ರಶ್ನೆ ಬರುತ್ತದೆ. 404 ಬಂದರೆ ಮತ್ತೆ ಮತ್ತೆ ಕೇಳಿ ಸಾಮಾನ್ಯವಾಗಿ ಪ್ರಯೋಜನವಿಲ್ಲ. 429 ಅಂದರೆ ತುಂಬಾ ಸಲ ಕೇಳಿದಿರಿ, 503 ಅಂದರೆ ಸದ್ಯಕ್ಕೆ ಆಗುವುದಿಲ್ಲ. ಇವೆರಡರ ಜೊತೆ ಕೆಲವು ಸಲ ‘ರೀಟ್ರೈ ಆಫ್ಟರ್’ ಅನ್ನುವ ಹೆಡರ್ (ರೆಸ್ಪಾನ್ಸ್ ಮೇಲಿನ ಮಾಹಿತಿಯ ಸಾಲು) ಬಂದು, ಎಷ್ಟು ಹೊತ್ತು ಬಿಟ್ಟು ಬನ್ನಿ ಅಂತ ತಿಳಿಸುತ್ತದೆ. ಅದು ಇಲ್ಲದಿದ್ದರೆ 1, 2, 4 ಸೆಕೆಂಡ್ ಅಂತ ಬಿಡುವು ಹೆಚ್ಚಿಸುತ್ತಾ ಹೋಗಿ. ಕನೆಕ್ಟ್ ಟೈಮ್‌ಔಟ್ ಆದರೆ ಧೈರ್ಯವಾಗಿ ಮತ್ತೆ ಕಳಿಸಬಹುದು, ಯಾಕೆಂದರೆ ನಿಮ್ಮ ಮಾತು ಆ ಕಡೆ ತಲುಪೇ ಇಲ್ಲ.

ರೀಡ್ ಟೈಮ್‌ಔಟ್ ಮಾತ್ರ ತಲೆನೋವು. ನೀವು ಕೇಳಿದ್ದು ಸರ್ವರ್‌ಗೆ ತಲುಪಿರಬಹುದು, ಕೆಲಸವೂ ಆಗಿರಬಹುದು, ಆಯಿತು ಅನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ‘ದುಡ್ಡು ಕಟ್ ಆಯ್ತು, ಟಿಕೆಟ್ ಬರಲಿಲ್ಲ’ ಅನ್ನುವ ಗೋಳಿನ ಹಿಂದೆ ಇಂಥದ್ದೂ ಇರುತ್ತದೆ. ಬರೀ ಓದುವ ಗೆಟ್ ಆದರೆ ಇನ್ನೊಮ್ಮೆ ಕೇಳಿದರೆ ನಷ್ಟವಿಲ್ಲ. ಏನನ್ನೋ ಮಾಡಿಸಲು ಕಳಿಸುವ ಪೋಸ್ಟ್ ಆದರೆ ದುಡ್ಡು ಎರಡು ಸಲ ಹೋಗಬಹುದು. ಅದಕ್ಕೇ ಹಣ ಪಾವತಿಯ ಎಪಿಐಗಳಲ್ಲಿ (ಪ್ರೋಗ್ರಾಮ್‌ಗಳು ಸರ್ವರ್‌ಗೆ ಬೇಡಿಕೆ ಕಳಿಸುವ ದಾರಿಗಳಲ್ಲಿ) ಪ್ರತಿ ಬೇಡಿಕೆಗೂ ಒಂದು ಗುರುತಿನ ಕೀ ಕಳಿಸುವ ಪದ್ಧತಿ ಇದೆ. ಮತ್ತೆ ಕಳಿಸುವಾಗ ಹೊಸ ಕೀ ಹುಟ್ಟಿಸದೆ ಹಳೆಯದನ್ನೇ ಕಳಿಸಬೇಕು. ಆಗ ಸರ್ವರ್ ಎರಡನೇ ಸಲ ದುಡ್ಡು ಕಡಿಯದೆ, ಮೊದಲ ಸಲದ ಉತ್ತರವನ್ನೇ ಮತ್ತೊಮ್ಮೆ ಕೊಡುತ್ತದೆ.