ಈ ದೇವರ ಹೆಸರೇನು, ಟಿಟಿರಸ್?

ಲ್ಯಾಟಿನ್ ಕ್ಲಾಸಿನಲ್ಲಿ ರೋಮನ್ ಕವಿ ವರ್ಜಿಲ್ ಶುರುವಾದ ಕೂಡಲೇ ಯಾರಾದರೂ ಕೇಳೇ ಕೇಳುತ್ತಾರೆ: "ಸರ್, ಇವನು ಚಕ್ರವರ್ತಿ ಆಗಸ್ಟಸ್ ಪರವೋ, ವಿರೋಧವೋ?" ನಾನು ಉತ್ತರ ಹೇಳುವುದಿಲ್ಲ. ಸುಮ್ನೆ ಅವನ ಮೊದಲನೇ ಎಕ್ಲೋಗ್, ಅಂದರೆ ಹಳ್ಳಿಗಾಡಿನ ಪದ್ಯ, ತೆಗೆಯಿರಿ ಅನ್ನುತ್ತೇನೆ. ದನ, ಮೇಕೆ ಕಾಯುವ ಇಬ್ಬರ ಮಾತುಕತೆ, ಬರೀ 83 ಸಾಲು.

ಹಿನ್ನೆಲೆ ಇಷ್ಟೇ. ಕ್ರಿ.ಪೂ. 44ರಲ್ಲಿ ಸೀಸರ್ ಕೊಲೆಯಾಯಿತು. 42ರಲ್ಲಿ ಫಿಲಿಪ್ಪಿಯ ಯುದ್ಧದಲ್ಲಿ ರೋಮನ್ನರೇ ರೋಮನ್ನರ ಮೇಲೆ ಬಿದ್ದರು. ಗೆದ್ದ ಮೇಲೆ ಸೈನಿಕರಿಗೆ ಮಾತು ಕೊಟ್ಟ ಜಮೀನು ಕೊಡಬೇಕಲ್ಲ, ಆ ಕೆಲಸ ಮುಂದೆ ಆಗಸ್ಟಸ್ ಆಗಲಿದ್ದ ಆಕ್ಟೇವಿಯನ್ ತಲೆಗೆ ಬಿತ್ತು. ಇಟಲಿಯ ಎಷ್ಟೋ ಊರುಗಳಲ್ಲಿ ಉಳುತ್ತಿದ್ದವರನ್ನು ಎಬ್ಬಿಸಿದರು, ಕ್ರೆಮೋನಾದ ನೆಲ ಸಾಲದೆ ಪಕ್ಕದ ಮಾಂಟುವಾಕ್ಕೂ ಕೈ ಹಾಕಿದರು. ವರ್ಜಿಲ್ ಹುಟ್ಟಿದ್ದು ಆ ಮಾಂಟುವಾ ಹತ್ತಿರವೇ.

ಪದ್ಯದಲ್ಲಿ ಮೆಲಿಬಿಯಸ್ ಹೊಲ ಕಳೆದುಕೊಂಡು, ಮೇಕೆ ಹೊಡೆದುಕೊಂಡು ಊರು ಬಿಡುತ್ತಿದ್ದಾನೆ. ಅದರಲ್ಲಿ ಒಂದನ್ನು ಎಳೆದೇ ಕರೆದೊಯ್ಯಬೇಕು, ಈಗಷ್ಟೇ ಬರೀ ಕಲ್ಲಿನ ಮೇಲೆ ಅವಳಿ ಮರಿ ಈದು ಅಲ್ಲೇ ಬಿಟ್ಟು ಬಂದಿದೆ ಅದು. ಟಿಟಿರಸ್ ಮಾತ್ರ ಮರದ ನೆರಳಲ್ಲಿ ಆರಾಮವಾಗಿ ಕೊಳಲು ಊದುತ್ತಾ ಕೂತಿದ್ದಾನೆ. ಈ ನೆಮ್ಮದಿ ಒಬ್ಬ ದೇವರು ಕೊಟ್ಟಿದ್ದು ಅನ್ನುತ್ತಾನೆ. ಯಾವ ದೇವರಪ್ಪಾ ಅಂತ ಮೆಲಿಬಿಯಸ್ ನೇರವಾಗಿ ಕೇಳಿದರೆ, ಇವನು ರೋಮ್ ಎಷ್ಟು ದೊಡ್ಡ ಊರು ಅಂತ ಶುರು ಮಾಡುತ್ತಾನೆ! ಸುತ್ತಿ ಬಳಸಿ "ಅಲ್ಲಿ ಒಬ್ಬ ಯುವಕನನ್ನು ನೋಡಿದೆ" ಅನ್ನುವವರೆಗೆ ಬರುತ್ತಾನೆ. ಹೆಸರು ಮಾತ್ರ ಬಾಯಿಂದ ಹೊರಡುವುದಿಲ್ಲ.

(ಟಿಟಿರಸ್ ಅಂದರೆ ವರ್ಜಿಲ್ಲೇ ಅಂತ ಹಳೆಯ ವ್ಯಾಖ್ಯಾನಕಾರರು ಹೇಳಿಬಿಟ್ಟಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಟಿಟಿರಸ್ ಗಡ್ಡ ನೆರೆತ ಮಾಜಿ ಗುಲಾಮ, ವರ್ಜಿಲ್‌ಗೆ ಆಗ ಹೆಚ್ಚುಕಮ್ಮಿ 30.)

ಹೊಗಳಿಕೆ ಸುಳ್ಳಲ್ಲ, ಟಿಟಿರಸ್‌ಗೆ ಹೊಲ ಉಳಿದಿರುವುದು ನಿಜ. ಆದರೆ ಇವನದನ್ನು ಉಳಿಸಿದ ಕೈಯೇ ಮೆಲಿಬಿಯಸ್‌ನದನ್ನು ಕಿತ್ತುಕೊಂಡಿದ್ದು, ಅಲ್ವಾ? ಆ ಯುವಕ ಆಕ್ಟೇವಿಯನ್ ಅಂತ ಹೆಸರು ಹೇಳಿದರೆ ಎರಡಕ್ಕೂ ಅವನೇ ಹೊಣೆ ಅಂತಾಗುತ್ತದೆ. ಮೆಲಿಬಿಯಸ್ ಅಷ್ಟು ನಾಜೂಕು ಮಾಡುವುದಿಲ್ಲ. ಉತ್ತು ಹದ ಮಾಡಿದ ನನ್ನ ಹೊಲ ಯಾವನೋ 'ಇಂಪಿಯಸ್' ಸೈನಿಕನ ಪಾಲಾಯಿತು ಅನ್ನುತ್ತಾನೆ, ಅಂದರೆ ದೇವರು ದಿಂಡರು, ಹೆತ್ತವರು, ನಾಡು ಯಾವುದರ ಮೇಲೂ ಭಯಭಕ್ತಿ ಇಲ್ಲದವನು. ಮುಂದಿನ ಸಾಲಲ್ಲಿ 'ಬಾರ್ಬರಸ್'. ಹೊರಗಿನ ಜನಕ್ಕೆ ರೋಮನ್ನರು ಬೈಯುವ ಪದ ಅದು, ಇಲ್ಲಿ ರೋಮ್‌ನ ಸೈನಿಕನಿಗೇ ಬಿದ್ದಿದೆ. ಆಮೇಲೆ ತನ್ನನ್ನೇ ಚುಚ್ಚಿಕೊಳ್ಳುತ್ತಾನೆ: ಹೋಗು ಮೆಲಿಬಿಯಸ್, ಈಗ ಪೇರ್ ಗಿಡಕ್ಕೆ ಕಸಿ ಕಟ್ಟು!

ಕೊನೆಯಲ್ಲಿ ಸಂಜೆಯಾಗುತ್ತದೆ. ದೂರದ ಮನೆಗಳಿಂದ ಹೊಗೆ ಏಳುತ್ತಿದೆ, ಬೆಟ್ಟದ ನೆರಳು ಉದ್ದವಾಗುತ್ತಿದೆ. ಹಣ್ಣಿದೆ, ಚೆಸ್ಟ್‌ನಟ್ ಇದೆ, ಗಿಣ್ಣಿದೆ ಅಂತ ಟಿಟಿರಸ್ ಗೆಳೆಯನನ್ನು ಕರೆಯುತ್ತಾನೆ. ಆ ಕರೆಯಲ್ಲಿ ಬರುವ ಕ್ರಿಯಾಪದ 'ಪೋತೆರಾಸ್', 'ಸಾಧ್ಯ' ಅನ್ನುವುದರ ಭೂತಕಾಲದ ರೂಪ. ವಿದ್ಯಾರ್ಥಿಗಳು ಇದನ್ನು "ಈ ರಾತ್ರಿ ಇಲ್ಲೇ ಇರು" ಅಂತ ಬರೆದು ತರುತ್ತಾರೆ. ಅಲ್ಲ. ಕೆಲವರು ಸ್ವಲ್ಪ ಯೋಚಿಸಿ "ಇರಬಹುದು" ಅನ್ನುತ್ತಾರೆ. ಅದೂ ಅಲ್ಲ. ಕನ್ನಡದಲ್ಲಿ ಇದಕ್ಕೆ ಅಳತೆಗೆ ಹೊಲಿದ ಹಾಗೆ ಒಂದು ರೂಪ ಇದೆ: ಈ ಒಂದು ರಾತ್ರಿ ನನ್ನ ಜೊತೆ ಇಲ್ಲೇ ಇರಬಹುದಿತ್ತು.

ಮೆಲಿಬಿಯಸ್ ಇದಕ್ಕೆ ಏನೂ ಹೇಳುವುದಿಲ್ಲ.