ಮೈಕ್ ಹಿಡಿದ ಹುಡುಗಿ ಮತ್ತು ಅಮೆರಿಕದ ಕಸ್ಟಮ್ಸ್

ಸ್ವೀಡನ್ನಿನ ‘ಐ ಆಮ್ ಕ್ಯೂರಿಯಸ್: ಯೆಲ್ಲೋ’ (1967) ಅಂದರೆ ಸೆಕ್ಸ್ ಸಿನಿಮಾ ಅಂತಲೇ ಹೆಸರು. ಈಗ ಕೂತು ನೋಡಿದರೆ ಎರಡು ಗಂಟೆಯಲ್ಲಿ ಬೆತ್ತಲೆ ಮೈಗಿಂತ ಮೈಕೇ ಜಾಸ್ತಿ ಕಾಣಿಸುತ್ತದೆ! ಲೆನಾ ಅನ್ನುವ ಹುಡುಗಿ ಸ್ಟಾಕ್‌ಹೋಮ್‌ನಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, ನಮ್ಮ ದೇಶದಲ್ಲಿ ಮೇಲು-ಕೀಳು ವರ್ಗ ಇದೆಯಾ ಎಂದು ಕೇಳುತ್ತಾಳೆ. ಫ್ರಾಂಕೋನ ಸರ್ವಾಧಿಕಾರವಿದ್ದ ಸ್ಪೇನ್‌ಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬಂದವರನ್ನು ಏರ್‌ಪೋರ್ಟ್‌ನಲ್ಲೇ ಹಿಡಿದು ಪ್ರಶ್ನೆ ಹಾಕುತ್ತಾಳೆ, ಅವರು ಮುಜುಗರಪಡುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಬರುತ್ತಾರೆ. ಆಗ ಮಂತ್ರಿ, ಮುಂದೆ ಪ್ರಧಾನಿಯಾದ ಉಲೋಫ್ ಪಾಲ್ಮೆಯೂ ಇದ್ದಾರೆ. ನಿರ್ದೇಶಕ ವಿಲ್ಗೋಟ್ ಶೋಮನ್ ಕೂಡ ನಿರ್ದೇಶಕನಾಗಿಯೇ ಒಳಗೆ ನುಗ್ಗುತ್ತಾನೆ, ಯಾವುದು ನಿಜ ಯಾವುದು ನಾಟಕ ಅಂತ ಗೊತ್ತಾಗುವುದೇ ಇಲ್ಲ.

ಹಾಗಂತ ಸೆಕ್ಸ್ ಇಲ್ಲ ಅಂತಲ್ಲ. ಅರಮನೆಯ ಎದುರಿನ ಕಟಾಂಜನದ ಮೇಲೆ ಲೆನಾ ಮತ್ತು ಅವಳ ಗೆಳೆಯ ಕೂಡುತ್ತಾರೆ, ಅಲ್ಲೇ ಪಹರೆ ನಿಂತ ಸಿಪಾಯಿ ಮಿಸುಕಾಡುವ ಹಾಗಿಲ್ಲ. ನನಗೆ ನಗು ಬಂದ ದೃಶ್ಯ ಅದೇ.

ಸ್ವೀಡನ್‌ಗೆ ಇದು ದೊಡ್ಡ ಆಘಾತವೇನಲ್ಲ. ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ 1955ರಲ್ಲೇ ಕಡ್ಡಾಯವಾಗಿತ್ತು. ಶೋಮನ್‌ನ ಹಿಂದಿನ ಚಿತ್ರ ‘491’ ಅನ್ನು ಸೆನ್ಸಾರ್ ಮೊದಲು ನಿಷೇಧಿಸಿ, ಆಮೇಲೆ ಅದು ಕತ್ತರಿ ಹಾಕಿಸಿಕೊಂಡು ಹೊರಬಂದಿತ್ತು. ಇದಕ್ಕೆ ಕತ್ತರಿಯೇ ಬೀಳಲಿಲ್ಲ.

ಗಲಾಟೆ ಶುರುವಾಗಿದ್ದು ಅಮೆರಿಕದಲ್ಲಿ. 1968ರ ಜನವರಿಯಲ್ಲಿ ಕಸ್ಟಮ್ಸ್ ಪ್ರಿಂಟನ್ನೇ ಜಪ್ತಿ ಮಾಡಿತು. ತರಿಸಿಕೊಂಡಿದ್ದು ಗ್ರೋವ್ ಪ್ರೆಸ್, ಅಶ್ಲೀಲ ಅನ್ನಿಸಿಕೊಂಡಿದ್ದ ‘ಲೇಡಿ ಚಾಟರ್ಲಿ’ ಕಾದಂಬರಿಗಾಗಿ ಮೊದಲೇ ಕೋರ್ಟು ಹತ್ತಿದ್ದ ಪ್ರಕಾಶನ ಸಂಸ್ಥೆ. ನ್ಯೂಯಾರ್ಕಿನ ಜ್ಯೂರಿ ಅಶ್ಲೀಲ ಅಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಉಲ್ಟಾ ಹೊಡೆಯಿತು. ಸಾಮಾಜಿಕ ಮೌಲ್ಯ ಸ್ವಲ್ಪವೂ ಇಲ್ಲದಿದ್ದರೆ ಮಾತ್ರ ಅಶ್ಲೀಲ ಅನ್ನುವುದು ಆಗಿನ ಕಾನೂನು, ಮತ್ತು ಇಲ್ಲಿ ಕಿಂಗ್, ಪಾಲ್ಮೆ, ವರ್ಗಭೇದ, ಅಹಿಂಸೆ ಎಲ್ಲ ಇತ್ತಲ್ಲ! ಅಂದರೆ ಜನ ಆಕಳಿಸುತ್ತ ಸಹಿಸಿಕೊಂಡ ಸಂದರ್ಶನಗಳೇ, ಜನ ನೋಡಲು ಬಂದಿದ್ದ ದೃಶ್ಯಗಳನ್ನು ಉಳಿಸಿದವು.

1969ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ತೆರೆ ಕಂಡಾಗ ಕ್ಯೂ ನಿಂತವರು ಪಾಲ್ಮೆಯನ್ನು ನೋಡಲು ಖಂಡಿತ ಬಂದಿರಲಿಲ್ಲ. ಕೇಸು ಹಾಕದಿದ್ದರೆ ಸಬ್‌ಟೈಟಲ್ ಇರುವ ಈ ಕಪ್ಪು-ಬಿಳುಪು ಚಿತ್ರಕ್ಕೆ ಯಾರು ಬರುತ್ತಿದ್ದರು, ಹೇಳಿ? ಅಷ್ಟಕ್ಕೇ ಮುಗಿಯಲಿಲ್ಲ. ಮೇರಿಲ್ಯಾಂಡ್ ರಾಜ್ಯ ನಿಷೇಧ ಹಾಕಿ, 1971ರಲ್ಲಿ ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನ್ಯಾಯಮೂರ್ತಿ ಡಗ್ಲಸ್ ಬರಹ ಗ್ರೋವ್‌ನ ಪತ್ರಿಕೆಯಲ್ಲಿ ಬಂದಿತ್ತು, ಹಾಗಾಗಿ ಅವರು ಹಿಂದೆ ಸರಿದರು. ಉಳಿದವರು 4-4, ಸಮಸಮ. ಹಾಗಾಗಿ ನಿಷೇಧ ಹಾಗೇ ಉಳಿಯಿತು.

ದುಡ್ಡು, ಹೆಸರು ಯಾರ್‍ಯಾರಿಗೋ ಬಂತು. ಲೆನಾ ಆಗಿ ನಟಿಸಿದ ಲೆನಾ ನಿಮನ್‌ಗೆ ಸ್ವೀಡನ್ನಿನ ಗುಲ್ಡ್‌ಬಾಗೆ ಸಿನಿಮಾ ಪ್ರಶಸ್ತಿ ಸಿಕ್ಕಿತು, ಜೊತೆಗೆ ಹೊಲಸು ಬೈಗುಳವೂ. ಪಾತ್ರದ ಹೆಸರೂ ಅವಳದೇ ಇತ್ತು, ಹಾಗಾಗಿ ಬೈಗುಳ ನೇರ ಅವಳಿಗೇ ತಗುಲಿತು. ಶೋಮನ್‌ನ ಪ್ರಯೋಗದಲ್ಲಿ ನನಗೆ ಇವತ್ತಿಗೂ ಇಷ್ಟವಾಗದ ಭಾಗ ಇದೊಂದೇ.